ಉದಾಸೀನವಲ್ಲ, ದಿನಾಂಕದ ಪೆಟ್ಟು

ಮದುವೆ, ದೇವಸ್ಥಾನದ ಬ್ರಹ್ಮಕಲಶ ಅಂತ ಮೇ ತಿಂಗಳಲ್ಲಿ ಊರಿಗೆ ಹೋಗುವ ಮುಂಬಯಿ ಕನ್ನಡಿಗರಿಗೆ ಲೋಕಸಭಾ ಚುನಾವಣೆ ಬೇಡವಾಗಿದೆ ಎಂದು ಲೇಖನವೊಂದರಲ್ಲಿ ಓದಿದೆ; ಲೇಖಕರ ಆ ಮಾತನ್ನು ಒಪ್ಪಲಾರೆ. 2024ರಲ್ಲಿ ಮುಂಬಯಿಯ ಮತದಾನ ಮೇ 20ಕ್ಕೆ ಎಂದು ಪ್ರಕಟವಾದದ್ದು ಮಾರ್ಚ್ 16ರಂದು. ಆಗ ರೈಲು ಟಿಕೆಟ್ 120 ದಿನ ಮೊದಲೇ ಸಿಗುತ್ತಿತ್ತು. ಮುಂಬಯಿಯಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲಿನಲ್ಲಿ ಆ ವಾರದ ಸೀಟು ಜನವರಿಯಲ್ಲೇ ಹಿಡಿಯಬೇಕಿತ್ತು. ಹಾಲ್, ಅಡುಗೆಯವರು, ಪುರೋಹಿತರು ಅದಕ್ಕೂ ಮೊದಲು. ಗೊತ್ತಾದ ಮುಹೂರ್ತವನ್ನು ಯಾರು ಮುಂದೂಡಿಯಾರು? ಊರಿನ ಮತದಾರರ ಪಟ್ಟಿಯಲ್ಲೇ ಹೆಸರಿದ್ದವರಿಗೂ ಪ್ರಯೋಜನವಾಗಲಿಲ್ಲ: ಉಡುಪಿ, ಮಂಗಳೂರು ಕಡೆ ಏಪ್ರಿಲ್ 26ಕ್ಕೇ ಮತದಾನ ಮುಗಿದಿತ್ತು. ದುಡಿಯಲು ಬಂದವರಿಗೆ ಅಂಚೆ ಮತದ ಸೌಲಭ್ಯವೂ ಇಲ್ಲ.

ಮುಂಬಯಿಯ ಕನ್ನಡ ಸಂಘದವರು ಅರಶಿನ ಕುಂಕುಮ, ಶನಿಪೂಜೆಗೆ ಜನ ಸೇರಿದಾಗ ಒಂದು ಮೇಜು ಹಾಕಿ, ಊರಿನ ಪಟ್ಟಿಯಲ್ಲಿರುವ ಹೆಸರನ್ನು ಮುಂಬಯಿ ವಿಳಾಸಕ್ಕೆ ವರ್ಗಾಯಿಸುವ ಅರ್ಜಿಯಾದ ನಮೂನೆ 8 ತುಂಬಿಸಲಿ. ಊರಲ್ಲಿ ಹೆಸರಿದ್ದವರು ನಮೂನೆ 6 ಮುಟ್ಟಬಾರದು, ಅದು ಹೊಸ ಮತದಾರರಿಗೆ. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ನಿಜವಾದ ತೊಡಕು ವಿಳಾಸದ ದಾಖಲೆಯದು. ಹೋಟೆಲಿನ ಕೋಣೆಯಲ್ಲೇ ಮಲಗುವ ಹುಡುಗರ ಹೆಸರಲ್ಲಿ ಕರೆಂಟು ಬಿಲ್ಲೂ ಇಲ್ಲ, ನೋಂದಣಿಯಾದ ಬಾಡಿಗೆ ಕರಾರೂ ಇಲ್ಲ. ಅವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಕಾಣಲಿಲ್ಲ.