ಬೊಜ್ಜು ಕರಗಿಸುವ ಮಾತ್ರೆಯನ್ನು ಬಚ್ಚಿಟ್ಟರೇ? ಸತ್ಯಾಂಶ

‘ಬೊಜ್ಜು, ಸಕ್ಕರೆ ಕಾಯಿಲೆ ಎರಡನ್ನೂ ಗುಣಪಡಿಸುವ ರಿಮೋನಬಾಂಟ್ ಎಂಬ ಮಾತ್ರೆಯನ್ನು ಕಂಪನಿಗಳೇ ಲಾಭಕ್ಕಾಗಿ ಮಾಯ ಮಾಡಿದವು’ ಎಂಬ ಬಗೆಯ ಫಾರ್ವರ್ಡ್ ಸಂದೇಶದಲ್ಲಿ ಮಾತ್ರೆ ಇದ್ದದ್ದು ನಿಜ, ಉಳಿದದ್ದು ಸುಳ್ಳು.

ಗಾಂಜಾ ಸೇದಿದವರಿಗೆ ವಿಪರೀತ ಹಸಿವಾಗುವುದು ಮಿದುಳಿನ ಸಿಬಿ1 ಎಂಬ ಗ್ರಾಹಕ (ರಾಸಾಯನಿಕ ಸಂಕೇತಗಳನ್ನು ಸ್ವೀಕರಿಸುವ, ಜೀವಕೋಶದ ಮೇಲಿನ ಪ್ರೋಟೀನು) ಪ್ರಚೋದನೆಗೊಳ್ಳುವುದರಿಂದ. ಹಾಗಾದರೆ ಅದೇ ಗ್ರಾಹಕವನ್ನು ತಡೆದರೆ ಹಸಿವು ತಗ್ಗಬೇಕಲ್ಲವೇ ಎಂಬ ಸರಳ ತರ್ಕದಿಂದ ಹುಟ್ಟಿದ ಈ ಔಷಧಕ್ಕೆ 2006ರಲ್ಲಿ ಯುರೋಪ್ ಒಪ್ಪಿಗೆ ನೀಡಿತು. ಪ್ರಯೋಗಗಳಲ್ಲಿ ದಿನಕ್ಕೆ 20 ಮಿಲಿಗ್ರಾಂ ಸೇವಿಸಿದವರು, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗಿಂತ ವರ್ಷದಲ್ಲಿ ಸುಮಾರು 5 ಕಿಲೋ ಹೆಚ್ಚು ತೂಕ ಇಳಿಸಿಕೊಂಡರು. ಇದು ಉಪಯುಕ್ತವೇ ಹೊರತು ಪವಾಡವಲ್ಲ. ಸಕ್ಕರೆಯ ಮಟ್ಟ ತುಸು ಸುಧಾರಿಸಿತೇ ವಿನಾ ಕಾಯಿಲೆ ವಾಸಿಯಾಗಲಿಲ್ಲ.

ತೊಡಕಿದ್ದದ್ದು ಆ ಗ್ರಾಹಕದಲ್ಲೇ. ಸಿಬಿ1 ಹಸಿವನ್ನಷ್ಟೇ ಅಲ್ಲದೆ ಮನಸ್ಸಿನ ಲವಲವಿಕೆಯನ್ನು, ಆತಂಕವನ್ನು ಹತೋಟಿಯಲ್ಲಿಡುವ ಜಾಲಗಳಲ್ಲೂ ಕೆಲಸ ಮಾಡುವುದರಿಂದ, ಅದನ್ನು ತಡೆದಾಗ ಖಿನ್ನತೆ, ಆತಂಕ, ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಗಳು ಕಾಣಿಸಿಕೊಂಡವು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಸಲಹಾ ಸಮಿತಿ ಈ ಮಾತ್ರೆಗೆ ಒಪ್ಪಿಗೆ ಬೇಡವೆಂದು ಒಮ್ಮತದಿಂದ ಹೇಳಿತು. ಮಾನಸಿಕ ತೊಂದರೆಗಳ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ಕಂಡುಕೊಂಡ ಯುರೋಪಿನ ನಿಯಂತ್ರಕರು 2008ರ ಅಕ್ಟೋಬರ್‌ನಲ್ಲಿ ಮಾರಾಟ ನಿಲ್ಲಿಸುವಂತೆ ಶಿಫಾರಸು ಮಾಡಿದರು. ಭಾರತ ಸರ್ಕಾರ 2009ರ ಡಿಸೆಂಬರ್‌ನಲ್ಲಿ ನಿಷೇಧಿಸಿತು. ಬಚ್ಚಿಡುವುದಿರಲಿ, ಎಲ್ಲವೂ ಬಹಿರಂಗವಾಗಿಯೇ ನಡೆಯಿತು. ಹಾಗೆ ನೋಡಿದರೆ, ಮಾರುಕಟ್ಟೆ ಕಳೆದುಕೊಂಡು ನಷ್ಟ ಅನುಭವಿಸಿದ್ದು ತಯಾರಕ ಕಂಪನಿಯೇ.

ಸಂಶೋಧನೆಯೂ ನಿಂತಿಲ್ಲ. ಮಿದುಳಿಗೆ ಹೆಚ್ಚು ನುಸುಳದೆ ಯಕೃತ್ತು, ಕೊಬ್ಬಿನ ಅಂಗಾಂಶಗಳಲ್ಲಷ್ಟೇ ಸಿಬಿ1 ಅನ್ನು ತಡೆಯುವ ಅಣುಗಳನ್ನು ವಿಜ್ಞಾನಿಗಳು ಇಂದಿಗೂ ಪರೀಕ್ಷಿಸುತ್ತಿದ್ದಾರೆ.