ಭರತ ಬರುವ ಹೊತ್ತು

ಕುಮಟಾದಿಂದ ಗೋಕರ್ಣಕ್ಕೆ ಬಸ್ಸಿದೆ. ಹತ್ತಿ ಕೂತರೆ ಒಂದು ಗಂಟೆ. ಅದೇ ಗೋಕರ್ಣಕ್ಕೆ ನಾವು ದುಡ್ಡು ಕೊಟ್ಟು, ಗೈಡ್ ಜತೆ, ಕಡಲ ಪಕ್ಕದ ಗುಡ್ಡ ಹತ್ತಿ ಇಳಿದು ಎರಡು ದಿನ ನಡೆದೆವು. ವಿಷಯ ಕೇಳಿ ನಮ್ಮತ್ತೆ, "ಯಾಕೆ, ಬಸ್ ಸ್ಟ್ರೈಕಾ?" ಅಂದರು.

ಗುಂಪಿನಲ್ಲಿ ಹನ್ನೆರಡು ಜನ. ನಾನು, ಇವರು ಬಿಟ್ಟರೆ ಉಳಿದವರೆಲ್ಲ ಮೂವತ್ತರೊಳಗಿನವರು. ಗೈಡ್ ಅಲ್ಲಿಯದೇ ಹುಡುಗ. ಅವನ ಬಾಯಲ್ಲಿ ಎಲ್ಲ ಊರೂ "ಇಲ್ಲೇ ಹತ್ರ ಅಕ್ಕ". ವನ್ನಳ್ಳಿಯಲ್ಲಿ ಕಡ್ಲೆ ಹತ್ರ, ಕಡ್ಲೆಯಲ್ಲಿ ಬಾಡ ಹತ್ರ. ಗುಡ್ಡದ ಮೇಲೆ ಒಣಹುಲ್ಲು, ಅದರ ಕೆಳಗೆ ಮುರಕಲ್ಲು, ಅದರ ಕೆಳಗೆ ಸಮುದ್ರ. ನೋಡೋಕೆ ಚೆಂದ. ಇಳಿಯುವಾಗ ಮಾತ್ರ ನಾನು ನಿಂತಿದ್ದಕ್ಕಿಂತ ಕೂತು ಜಾರಿದ್ದೇ ಜಾಸ್ತಿ. ಸಂಜೆ ಹೊತ್ತಿಗೆ ಹೊಸ ಪ್ಯಾಂಟಿನ ಹಿಂಭಾಗ ಮುರಕಲ್ಲಿನ ಬಣ್ಣಕ್ಕೇ ತಿರುಗಿತ್ತು.

ಅಘನಾಶಿನಿ ಊರಿನಲ್ಲಿ ದೋಣಿ ಹತ್ತಿ ತದಡಿಗೆ ದಾಟಿದೆವು. ಶಿರಸಿ ಕಡೆ ಹುಟ್ಟಿ, ಒಂದು ಅಣೆಕಟ್ಟಿಗೂ ಸಿಗದೆ ಇಲ್ಲಿವರೆಗೆ ಹರಿದು ಬರುವ ಹೊಳೆ ಅದು. "ಹೆಸರೇ ಅಘನಾಶಿನಿ. ಪಾಪ ಎಲ್ಲ ಹೋಯ್ತು ಬಿಡು," ಅಂದರು ಇವರು. ಮಂಡಿನೋವು ಕಳೆಯುವ ಹೊಳೆ ಯಾವುದು ಅಂತ ಕೇಳಿದೆ. ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು ಹೆಕ್ಕುತ್ತಿದ್ದ ಹೆಂಗಸರು ನನ್ನ ಕುಂಟು ನೋಡಿ ಕಿಸಕ್ಕನೆ ನಕ್ಕರು.

ಮಾರನೇ ದಿನ ಬೆಳಿಗ್ಗೆ ಬೇಲೆಕಾನದಲ್ಲಿ ಗೈಡ್ ಅವಸರ ಮಾಡತೊಡಗಿದ. "ಬೇಗ ಹೊರಡಿ. ಭರತ ಬರೂದ್ರೊಳಗೆ ಬಂಡೆ ದಾಟ್ಬೇಕು."

ಒಬ್ಬನ ಕೈಲಿ ಹನ್ನೆರಡು ಜನರನ್ನು ಸಂಭಾಳಿಸೋಕಾಗಲ್ಲ, ಗೋಕರ್ಣದಿಂದ ಇನ್ನೊಬ್ಬ ಗೈಡ್ ಬರ್ತಿದ್ದಾನೆ ಅಂದುಕೊಂಡೆ.

"ಎಷ್ಟೊತ್ತಿಗೆ ಬರೋದು?"

"ಇವತ್ತು ಹನ್ನೊಂದಕ್ಕೆ ಅಕ್ಕ. ದಿನಾ ಒಂದು ಐವತ್ತು ನಿಮಿಷ ಲೇಟಾಗ್ತಾ ಹೋಗ್ತದೆ."

"ದಿನಾನಾ? ಯಾರೂ ಕೇಳೋರಿಲ್ವಾ?"

"ಯಾರ್ ಕೇಳ್ತಾರೆ! ರಾತ್ರಿ ಮತ್ತೊಂದ್ಸಲ ಬರೂದುಂಟು."

ಪಾಪ, ಎರಡು ಪಾಳಿ ದುಡಿಯುವ ಹುಡುಗ, ಲೇಟಾಗದೆ ಇನ್ನೇನು. ನನ್ನ ಸಿಟ್ಟು ಇಳಿಯಿತು. ತಿಂಡಿಯ ಅವಲಕ್ಕಿಯಲ್ಲಿ ಒಂದು ಪಾಲು ಅವನಿಗೆಂದು ಡಬ್ಬಿಗೆ ತುಂಬಿದೆ. ಇವರು ಎರಡನೇ ಸಲ ಕೇಳಿದಾಗಲೂ ಕೊಡಲಿಲ್ಲ.

ಪ್ಯಾರಡೈಸ್ ಬೀಚ್ ದಾಟಿ ಹಾಫ್ ಮೂನ್ ಕಡೆ ಹೋಗುವಾಗ ನನ್ನ ಹಿಮ್ಮಡಿಯ ಬೊಬ್ಬೆ ಒಡೆಯಿತು. ಶೂ ಬಿಚ್ಚಿ ಪಕ್ಕದಲ್ಲಿಟ್ಟೆ. ಬಂಡೆಯ ಗುಳಿಯಲ್ಲಿ ನಿಂತ ನೀರಿಗೆ ಕಾಲು ಇಳಿಬಿಟ್ಟೆ. ಉಗುರಿನಷ್ಟು ದೊಡ್ಡ ಏಡಿಯೊಂದು ಬಂದು, ಹೆಬ್ಬೆರಳನ್ನು ನೋಡಿ, ಅಡ್ಡಡ್ಡ ಓಡಿತು. ಎರಡು ದಿನದಲ್ಲಿ ಅದೊಂದೇ ಸುಖದ ಗಳಿಗೆ.

ಮೇಲಿನಿಂದ ಗೈಡ್ ಕೂಗಿದ. "ಅಕ್ಕಾ, ಭರತ ಬಂತು! ಏಳಿ!"

ಬಂದ ಅನ್ನದೆ ಬಂತು ಅಂತಾನಲ್ಲ, ಎಂಥ ಸಲಿಗೆ ಇದು ಅಂದುಕೊಳ್ಳುತ್ತಾ ಗುಡ್ಡದ ಕಡೆ ತಿರುಗಿದೆ. ಡಬ್ಬಿಯ ಮುಚ್ಚಳ ತೆಗೆದು, ಮುಖದಲ್ಲಿ ನಗು ತಂದುಕೊಂಡು ಕಾದೆ. ಭರತ ಹಿಂದಿನಿಂದ ಬಂದ. ಸೊಂಟದವರೆಗೆ ಬಂದ. ಹೋಗುವಾಗ ಎರಡೂ ಶೂ ತೆಗೆದುಕೊಂಡೇ ಹೋದ.

ಇವರು ಬಂಡೆ ಹಿಡಿದುಕೊಂಡು ನಗುತ್ತಿದ್ದರು. "ಬಂದು ಪಾದುಕೆ ಒಯ್ಯೋದು ಭರತನ ಹಳೇ ಅಭ್ಯಾಸ ಕಣೇ."

"ಇಳಿತದಲ್ಲಿ ಸಿಕ್ಕಿದ್ರೂ ಸಿಗ್ತದೆ ಅಕ್ಕ," ಅಂದ ಗೈಡ್, ಮುಖ ಸಪ್ಪಗೆ ಮಾಡಿಕೊಂಡು. "ಆರು ತಾಸು ಕಾಯ್ಬೇಕು."

"ಹದಿನಾಲ್ಕು ವರ್ಷಕ್ಕಿಂತ ವಾಸಿ," ಅಂದರು ಇವರು. ಅವರ ಜತೆ ಕುಡ್ಲೆ ಬೀಚ್ ಬರುವವರೆಗೆ ನಾನು ಮಾತಾಡಲಿಲ್ಲ. ಆದರೆ ನಡೆದದ್ದು ಅವರ ಒಂಬತ್ತನೇ ನಂಬರಿನ ಬಾತ್‌ರೂಮ್ ಚಪ್ಪಲಿಯಲ್ಲೇ. ಓಂ ಬೀಚು ಓಂ ಆಕಾರದಲ್ಲಿದೆಯಂತೆ. ನಾನು ನೋಡಿದ್ದು ಚಪ್ಪಲಿಯ ತುದಿ ಮಾತ್ರ.

ಗೋಕರ್ಣ ತಲುಪಿ ಮಹಾಬಲೇಶ್ವರನ ದರ್ಶನ ಮುಗಿಸಿ ಬಂದಾಗ, ನಮ್ಮ ಗುಂಪಿನ ಹುಡುಗರು ಶೂಗಳ ರಾಶಿಯಲ್ಲಿ ತಮ್ಮ ತಮ್ಮದನ್ನು ಹುಡುಕುತ್ತಿದ್ದರು. ನನ್ನ ಚಪ್ಪಲಿ ಬಿಟ್ಟಲ್ಲೇ ಇತ್ತು. ಇವರು ಮೆಟ್ಟಿಲ ಮೇಲೆ ಕೂತು ಭರತನ ಪಾಲಿನ ಅವಲಕ್ಕಿ ತಿನ್ನುತ್ತಿದ್ದರು.

"ಚೆನ್ನಾಗಿದೆ," ಅಂದರು. "ಉಪ್ಪು ಒಂಚೂರು ಜಾಸ್ತಿ."