ಕಂಡವರೆಲ್ಲ ಸುದ್ದಿ ಬರೆಯಬಹುದೇ?

ಪರ

ಕಂಡಕಂಡವರೆಲ್ಲ ಬ್ಲಾಗು, ವಿಡಿಯೊ ಎಂದು ಸುದ್ದಿ ಹೇಳತೊಡಗಿದರೆ ಗತಿಯೇನು ಎಂದು ಕೇಳುವವರಿದ್ದಾರೆ. ಕಂಡವರು ಹೇಳದೆ ಕಾಣದವರು ಹೇಳಬೇಕೇ?

2020ರ ಮೇ 25ರ ಸಂಜೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 17 ವರ್ಷದ ಹುಡುಗಿಯೊಬ್ಬಳು ಸಂಬಂಧಿಕರ ಪುಟ್ಟ ಹುಡುಗಿಯನ್ನು ಕರೆದುಕೊಂಡು ಅಂಗಡಿಗೆ ಹೊರಟಿದ್ದಳು. ರಸ್ತೆಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬಾತನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮೊಣಕಾಲೂರಿದ್ದ. ಮಗುವನ್ನು ಅಂಗಡಿಯೊಳಗೆ ಕಳಿಸಿ, ಆಕೆ ಹಿಂತಿರುಗಿ ಬಂದು ಮೊಬೈಲ್ ಹಿಡಿದು ನಿಂತಳು. ಫ್ಲಾಯ್ಡ್ ಸತ್ತ. ಪೊಲೀಸರ ಮೊದಲ ಹೇಳಿಕೆಯಲ್ಲಿ ಇದ್ದದ್ದು 'ವೈದ್ಯಕೀಯ ತೊಂದರೆ'ಯ ಮಾತು. ಮೊಣಕಾಲಿನ ಸುದ್ದಿಯೇ ಇರಲಿಲ್ಲ. ಆಕೆ ಫೇಸ್‌ಬುಕ್‌ಗೆ ಹಾಕಿದ ವಿಡಿಯೊ ಇಲ್ಲದಿದ್ದರೆ ಆ ಹೇಳಿಕೆಯೇ ಮರುದಿನದ ಸುದ್ದಿಯಾಗಿ ಅಲ್ಲಿಗೇ ಮುಗಿಯುತ್ತಿತ್ತು ಎಂದು ನಾನು ನಂಬುತ್ತೇನೆ. 2021ರಲ್ಲಿ ಆ ಪೊಲೀಸನಿಗೆ ಶಿಕ್ಷೆಯಾಯಿತು. ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಹುಡುಗಿಯನ್ನು ವಿಶೇಷವಾಗಿ ಗೌರವಿಸಿತು.

ಕಾಣುವುದೆಂದರೆ ಸ್ಥಳದಲ್ಲಿರುವುದೇ ಆಗಬೇಕಿಲ್ಲ. ಇಂಗ್ಲೆಂಡಿನ ಎಲಿಯಟ್ ಹಿಗ್ಗಿನ್ಸ್ 2012ರಲ್ಲಿ ಬ್ಲಾಗ್ ಆರಂಭಿಸಿದಾಗ ಪತ್ರಕರ್ತರೇನೂ ಆಗಿರಲಿಲ್ಲ. ಮನೆಯಲ್ಲೇ ಕುಳಿತು ಸಿರಿಯಾ ಯುದ್ಧದ ವಿಡಿಯೊಗಳನ್ನು ಒಂದೊಂದಾಗಿ ನೋಡಿ, ಯಾವ ಆಯುಧ ಎಲ್ಲಿ ಬಳಕೆಯಾಗುತ್ತಿದೆ ಎಂದು ಗುರುತಿಸಿದರು. ದೊಡ್ಡ ಪತ್ರಿಕೆಗಳೂ ಅವರ ಬರಹವನ್ನು ಆಧರಿಸಿದವು.

ಅಭಿಪ್ರಾಯದ ಮಾತಂತೂ ಇನ್ನೂ ಸರಳ. ಮೊದಲು ಸಾಮಾನ್ಯರಿಗೆ ಸಿಗುತ್ತಿದ್ದದ್ದು ಓದುಗರ ಪತ್ರದ ಅಂಕಣದಲ್ಲಿ ನಾಲ್ಕು ಸಾಲು, ಅದೂ ಕತ್ತರಿಗೆ ಸಿಕ್ಕದೆ ಉಳಿದರೆ. 1999ರಲ್ಲಿ 'ಬ್ಲಾಗರ್'ನಂಥ ಬ್ಲಾಗು ಬರೆಯುವ ಸೇವೆಗಳು ಬಂದ ಮೇಲೆ ಯಾರ ಅಪ್ಪಣೆಗೂ ಕಾಯಬೇಕಾಗಲಿಲ್ಲ.

ವಿರೋಧ

ಆ ಹುಡುಗಿ ಕಂಡದ್ದನ್ನು ತೋರಿಸಿದಳು. ಅವಳ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ನನ್ನ ತಕರಾರು ಕಾಣದ್ದನ್ನು ಕಂಡಂತೆ ಬರೆಯುವವರ ಬಗ್ಗೆ.

2011ರಲ್ಲಿ ಸಿರಿಯಾದ ಡಮಾಸ್ಕಸ್‌ನ ಯುವತಿಯೊಬ್ಬಳ ಬ್ಲಾಗನ್ನು ಜಗತ್ತು ಮರುಗಿ ಓದಿತು. ಆಕೆಯ ಅಪಹರಣವಾಗಿದೆ ಎಂದಾಗ ಬಿಡುಗಡೆಗಾಗಿ ಅಭಿಯಾನವೇ ನಡೆಯಿತು. ಬರೆಯುತ್ತಿದ್ದವನು ಸ್ಕಾಟ್ಲೆಂಡಿನಲ್ಲಿದ್ದ ಅಮೆರಿಕದ ಗಂಡಸು.

2013ರ ಏಪ್ರಿಲ್‌ನಲ್ಲಿ ನಡೆದದ್ದು ಇದಕ್ಕಿಂತ ಘೋರ. ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟಿಸಿದ ಬಳಿಕ ಸಾವಿರಾರು ಜನ ಅಂತರ್ಜಾಲದಲ್ಲಿ ತಾವೇ ಪತ್ತೇದಾರಿಕೆಗೆ ಇಳಿದರು. ಶಂಕಿತರ ಚಿತ್ರ ಹೊರಬಿದ್ದ ರಾತ್ರಿ, ಒಂದು ತಿಂಗಳ ಹಿಂದೆ ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನೇ ಅಪರಾಧಿ ಎಂದು ಅವನ ಹೆಸರನ್ನು ಹರಡಿದರು. ಕೆಲವು ಪತ್ರಕರ್ತರೂ ಅದಕ್ಕೆ ದನಿಗೂಡಿಸಿದರು, ಅದೂ ನಿಜ. ಮಗನನ್ನು ಹುಡುಕಿಕೊಡಿ ಎಂದು ಮನೆಯವರು ಫೇಸ್‌ಬುಕ್‌ನಲ್ಲಿ ತೆರೆದಿದ್ದ ಪುಟದ ತುಂಬ ಬೈಗುಳ. ಕೊನೆಗೆ ಅವರೇ ಅದನ್ನು ಮುಚ್ಚಬೇಕಾಯಿತು. ಕೆಲವೇ ದಿನಗಳಲ್ಲಿ ಹುಡುಗನ ಶವ ನದಿಯಲ್ಲಿ ಸಿಕ್ಕಿತು. ಸ್ಫೋಟಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ.

ಸುದ್ದಿಮನೆಯಲ್ಲಿ ಹೊಸ ವರದಿಗಾರನನ್ನು ಮೊದಲು ಕೇಳುವುದು ಎರಡೇ ಮಾತು: ಯಾರು ಹೇಳಿದರು, ಆರೋಪ ಹೊತ್ತವರನ್ನು ಕೇಳಿದೆಯಾ? ಎಷ್ಟೋ ಸುದ್ದಿಗಳು ಅಲ್ಲಿಯೇ ಕಸದ ಬುಟ್ಟಿ ಸೇರುತ್ತವೆ. ಇಷ್ಟಾಗಿಯೂ ತಪ್ಪು ಅಚ್ಚಾದರೆ, ಪತ್ರಿಕೆಯಲ್ಲಿ ಸಂಪಾದಕರ ಹೆಸರಿದೆ, ಕಚೇರಿಯ ವಿಳಾಸವಿದೆ, ಹೋಗಿ ಬಾಗಿಲು ಬಡಿಯಬಹುದು. ಆ ತಾಯಿತಂದೆ ಯಾರ ಬಾಗಿಲು ಬಡಿಯಬೇಕಿತ್ತು? ಹೆಸರು ಹರಡಿದ ತಾಣವೊಂದರ ಮುಖ್ಯಸ್ಥರು ಕ್ಷಮೆ ಕೇಳಿದರು. ಆದರೆ ಬರೆದವರು ಅವರಲ್ಲ.